ಮಣ್ಣಿನೊಳಗಿನ ಹೊನ್ನು: ಕಾರ್ಪಾಂತ್ರಾದ ಚಳಿಗಾಲದ ಸಂತೆ

ಡಿಸೆಂಬರ್ ತಿಂಗಳ ಒಂದು ಶುಕ್ರವಾರದ ಮುಂಜಾನೆ. ಗಡಿಯಾರ ಎಂಟು ಹೊಡೆಯುವ ಹೊತ್ತಾದರೂ ದಕ್ಷಿಣ ಫ್ರಾನ್ಸಿನ ಕಾರ್ಪಾಂತ್ರಾ ಪಟ್ಟಣದ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಎಲೆಯುದುರಿದ ಪ್ಲೇನ್ ಮರಗಳ ಸಾಲಿನ ಕೆಳಗೆ ಬಂಡಿಗಳಿಂದ ಸರಕು ಇಳಿಸುವ ಸದ್ದು. ರೋನ್ ನದಿಯ ಕಣಿವೆಯ ಗುಂಟ ಉತ್ತರದಿಂದ ಬೀಸಿ ಬರುವ 'ಮಿಸ್ತ್ರಾಲ್' ಎಂಬ ಶೀತಗಾಳಿ ಕಿವಿಗಳನ್ನು ಕೊರೆಯುತ್ತಿದೆ. ಈಶಾನ್ಯ ದಿಕ್ಕಿನಲ್ಲಿ, ಸಮುದ್ರಮಟ್ಟದಿಂದ 1,900 ಮೀಟರಿಗೂ ಮಿಗಿಲಾದ ವಾಂತೂ ಪರ್ವತ ಹಿಮದ ಟೋಪಿ ಧರಿಸಿ ನಿಂತಿದೆ.

ಇಂಥ ಚಳಿಯಲ್ಲಿ ಬಿಸಿಬಿಸಿ ಕಾಫಿಯ ಮುಂದೆ ಕುಳಿತಿರುವುದನ್ನು ಬಿಟ್ಟು ಜನ ಏಕೆ ಹೊರಗೆ ಬರುತ್ತಾರೆ? ಉತ್ತರ ಸುಲಭ. ಅಂದು ಸಂತೆಯ ದಿನ. ಪಟ್ಟಣದ ಹಳೆಯ ಬೀದಿಗಳೆಲ್ಲ ಆ ದಿನ ಅಂಗಡಿಸಾಲುಗಳಾಗುತ್ತವೆ. ನವೆಂಬರ್ ತಿಂಗಳ ಕೊನೆಯ ಭಾಗದಿಂದ ಮಾರ್ಚ್ ತಿಂಗಳವರೆಗೆ ಅಲ್ಲಿ ಇನ್ನೊಂದು ವಿಶೇಷವೂ ಉಂಟು. ತರಕಾರಿ, ಬಟ್ಟೆ, ಪಾತ್ರೆಗಳ ಗದ್ದಲದಿಂದ ಸ್ವಲ್ಪ ದೂರದಲ್ಲಿ, ಹಳೆಯ ಓವರ್‌ಕೋಟು ತೊಟ್ಟ ರೈತರು ಬುಟ್ಟಿಗಳ ಮೇಲೆ ಬಟ್ಟೆ ಮುಚ್ಚಿಕೊಂಡು ಮೌನವಾಗಿ ನಿಂತಿರುತ್ತಾರೆ. ಅವರ ಬುಟ್ಟಿಗಳಲ್ಲಿರುವುದು ನೋಡಲು ಕರಿಯ ಮಣ್ಣಿನ ಹೆಂಟೆ. ಬೆಲೆಯಲ್ಲಿ ಮಾತ್ರ ಬೆಳ್ಳಿಯೊಡನೆ ಸ್ಪರ್ಧಿಸುವ ಪದಾರ್ಥ. ಅದರ ಹೆಸರು ಟ್ರಫಲ್. ಫ್ರೆಂಚರು ಅದನ್ನು 'ತ್ರೂಫ್' ಎನ್ನುತ್ತಾರೆ. ಪ್ರೊವಾನ್ಸ್ ಪ್ರಾಂತದ ಹಳ್ಳಿಗರ ಬಾಯಲ್ಲಿ ಅದು 'ರಬಾಸ್'.

ಪೋಪರ ಪಟ್ಟಣ

ಕಾರ್ಪಾಂತ್ರಾ ದೊಡ್ಡ ಊರೇನೂ ಅಲ್ಲ. ಆದರೆ ಹಳೆಯ ಊರು. ರೋಮನರ ಕಾಲದ ಒಂದು ಕಮಾನು ಇಂದಿಗೂ ಸೇಂಟ್ ಸಿಫ್ರೇನ್ ಮಹಾದೇವಾಲಯದ ಹಿಂಬದಿಯಲ್ಲಿ ಉಳಿದುಕೊಂಡಿದೆ. ಈ ಪಟ್ಟಣವೂ ಸುತ್ತಣ ಸೀಮೆಯೂ ಬಹುಕಾಲ ಫ್ರಾನ್ಸಿನ ಅರಸರಿಗೆ ಸೇರಿರಲಿಲ್ಲ. 1274ರಿಂದ 1791ರವರೆಗೆ, ಎಂದರೆ ಐನೂರು ವರ್ಷಗಳಿಗೂ ಹೆಚ್ಚು ಕಾಲ, ಅದು ರೋಮಿನ ಪೋಪರ ಸ್ವತ್ತಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಆ ಸೀಮೆಗೆ ಕಾರ್ಪಾಂತ್ರಾವೇ ರಾಜಧಾನಿಯಾಯಿತು. ಇಟಲಿಯ ಮಹಾಕವಿ ಪೆಟ್ರಾರ್ಕ್ ಬಾಲ್ಯದಲ್ಲಿ ಓದು ಬರೆಹ ಕಲಿತದ್ದು ಇಲ್ಲಿಯೇ. ಮುಂದೆ 1336ರಲ್ಲಿ ಅವನು ವಾಂತೂ ಪರ್ವತವನ್ನೇರಿದ ವೃತ್ತಾಂತ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಫ್ರಾನ್ಸಿನ ಅರಸರು ಯೆಹೂದಿಗಳನ್ನು ತಮ್ಮ ರಾಜ್ಯದಿಂದ ಹೊರಗಟ್ಟಿದ ಕಾಲದಲ್ಲಿ ಪೋಪರ ಈ ಸೀಮೆ ಅವರಿಗೆ ಆಶ್ರಯ ನೀಡಿತು. ಆಶ್ರಯವೆಂದರೆ ಪೂರ್ಣ ಸ್ವಾತಂತ್ರ್ಯವೇನಲ್ಲ; ಅವರು ಒಂದು ಇಕ್ಕಟ್ಟಾದ ಕೇರಿಯಲ್ಲಿಯೇ ಬಾಳಬೇಕಾಗಿತ್ತು. 1367ರಲ್ಲಿ ಅವರು ಕಟ್ಟಿದ ಪ್ರಾರ್ಥನಾಮಂದಿರ ಹದಿನೆಂಟನೆಯ ಶತಮಾನದಲ್ಲಿ ಪುನರ್ನಿರ್ಮಾಣಗೊಂಡು ಇಂದಿಗೂ ನಿಂತಿದೆ. ಫ್ರಾನ್ಸಿನಲ್ಲಿ ಇನ್ನೂ ಪ್ರಾರ್ಥನೆ ನಡೆಯುತ್ತಿರುವ ಯೆಹೂದಿ ಮಂದಿರಗಳಲ್ಲಿ ಇದೇ ಅತ್ಯಂತ ಹಳೆಯದು. ಸಂತೆಗೆ ಬಂದವರು ತರಕಾರಿಯ ಚೀಲ ಹಿಡಿದೇ ಅದರ ಮುಂದೆ ಹಾದು ಹೋಗುತ್ತಾರೆ.

ಬೀದಿಯುದ್ದಕ್ಕೂ ಬಣ್ಣ

ಸೂರ್ಯ ಮೇಲೇರಿದಂತೆ ಬೀದಿಗಳು ತುಂಬುತ್ತವೆ. ಒಂದು ಕಡೆ ಗಾಡಿಚಕ್ರದಷ್ಟಗಲದ ಕುಂಬಳಕಾಯಿಗಳು; ಕೊಯ್ದ ಹೋಳಿನ ಒಳಗೆ ಅಚ್ಚ ಕೇಸರಿ ಬಣ್ಣ. ಇನ್ನೊಂದು ಕಡೆ ಕಾರ್ಸಿಕಾ ದ್ವೀಪದಿಂದ ಬಂದ ಸಣ್ಣ ಕಿತ್ತಳೆಗಳು, ಎಲೆಯ ಸಮೇತ. ನಿಯೋನ್ಸ್ ಎಂಬ ಊರಿನ ಸುಕ್ಕುಗಟ್ಟಿದ ಕರಿಯ ಆಲಿವ್ ಕಾಯಿಗಳು ಮರದ ತೊಟ್ಟಿಗಳಲ್ಲಿ ಮಿರುಗುತ್ತವೆ. ಆಗತಾನೆ ಗಾಣದಿಂದ ಬಂದ ಆಲಿವ್ ಎಣ್ಣೆಯನ್ನು ಬ್ರೆಡ್ಡಿನ ತುಂಡಿಗೆ ಸವರಿ ರುಚಿ ನೋಡಲು ಕೊಡುವ ವ್ಯಾಪಾರಿಗಳುಂಟು. ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ ಆಡಿನ ಹಾಲಿನ ಗಿಣ್ಣು, ಲ್ಯಾವೆಂಡರ್ ಹೂವಿನ ಜೇನು, ಒಣಗಿದ ಅಂಜೂರ, ಜಡೆ ಹೆಣೆದ ಬೆಳ್ಳುಳ್ಳಿ, ಹೀಗೆ ಸಾಲು ಮುಗಿಯುವುದೇ ಇಲ್ಲ.

ಮಕ್ಕಳು ಜಗ್ಗುವುದು ಮಿಠಾಯಿ ಅಂಗಡಿಯ ಕಡೆಗೆ. 'ಬೆರ್ಲಿಂಗೋ' ಎಂಬುದು ಈ ಊರಿನ ಹೆಸರುವಾಸಿಯಾದ ಸಕ್ಕರೆಮಿಠಾಯಿ. ಮುಮ್ಮೂಲೆಯ ಗಾಜಿನ ಹರಳಿನಂತಿರುವ ಅದರ ಮೈಮೇಲೆ ಬಿಳಿಯ ಪಟ್ಟೆಗಳು. ಹಣ್ಣುಗಳನ್ನು ಸಕ್ಕರೆ ಪಾಕದಲ್ಲಿ ದಿನಗಟ್ಟಲೆ ನೆನೆಸಿ ಮುರಬ್ಬ ಮಾಡುವುದು ಈ ಸೀಮೆಯ ಹಳೆಯ ಕಸಬು. ಹಾಗೆ ಉಳಿದ ಪಾಕವನ್ನು ಹಾಳು ಮಾಡದೆ ಕಾಯಿಸಿ ಎಳೆದು ಮಾಡಿದ್ದೇ ಬೆರ್ಲಿಂಗೋ. ಮಿತವ್ಯಯದಿಂದ ಹುಟ್ಟಿದ ಸವಿ ಎನ್ನಬೇಕು.

ಡಿಸೆಂಬರ್ 4 ಸೇಂಟ್ ಬಾರ್ಬರಾಳ ದಿನ. ಅಂದು ಪ್ರೊವಾನ್ಸಿನ ಮನೆಗಳಲ್ಲಿ ಚಿಕ್ಕ ಬಟ್ಟಲುಗಳಲ್ಲಿ ಗೋಧಿ ಬಿತ್ತಿ ನೀರೆರೆಯುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಸಸಿ ನೇರವಾಗಿ, ಹಸಿರಾಗಿ ಎದ್ದಿದ್ದರೆ ಬರುವ ವರ್ಷ ಸುಭಿಕ್ಷ ಎಂಬ ನಂಬಿಕೆ. ಆ ಗೋಧಿಯ ಪುಟ್ಟ ಪೊಟ್ಟಣಗಳೂ ಸಂತೆಯಲ್ಲಿ ಸಿಗುತ್ತವೆ. ನವರಾತ್ರಿಯಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ಕಲಶದ ಸುತ್ತ ಧಾನ್ಯ ಮೊಳೆಯಿಸುವುದನ್ನು ಕಂಡ ಕನ್ನಡದ ಗೃಹಿಣಿಗೆ ಈ ಬಟ್ಟಲುಗಳು ಅಪರಿಚಿತವೆನಿಸಲಾರವು. ಪಕ್ಕದಲ್ಲಿಯೇ ಬೆರಳುದ್ದದ ಮಣ್ಣಿನ ಬೊಂಬೆಗಳು: ರೊಟ್ಟಿ ಸುಡುವವನು, ಮೀನು ಮಾರುವವಳು, ಚಾಕು ಮಸೆಯುವವನು, ಕುರುಬ. ಇವು 'ಸಾಂತೋನ್'ಗಳು. ಬಾಲಯೇಸುವಿನ ತೊಟ್ಟಿಲ ಸುತ್ತ ಹಳ್ಳಿಗೆ ಹಳ್ಳಿಯನ್ನೇ ನಿಲ್ಲಿಸಿ ಪ್ರತಿ ಮನೆಯಲ್ಲೂ ಬೊಂಬೆಯ ಹಬ್ಬ ಮಾಡುತ್ತಾರೆ.

ಸದ್ದಿಲ್ಲದ ವ್ಯಾಪಾರ

ಈ ಸಂಭ್ರಮದಿಂದ ಹೊರಬಂದು ಓತೆಲ್-ದ್ಯೂ ಎಂಬ ಭವನದ ಕಡೆಗೆ ನಡೆದರೆ ವಾತಾವರಣವೇ ಬದಲಾಗುತ್ತದೆ. ಬಿಷಪ್ ದ್ಯಾಂಗಿಂಬೆರ್ ಹದಿನೆಂಟನೆಯ ಶತಮಾನದಲ್ಲಿ ಬಡವರಿಗಾಗಿ ಕಟ್ಟಿಸಿದ ಧರ್ಮಾಸ್ಪತ್ರೆ ಅದು. ಆಸ್ಪತ್ರೆ ಬೇರೆಡೆಗೆ ಹೋದ ಮೇಲೆ, ಅದೇ ಬಿಷಪ್ಪರು ಸ್ಥಾಪಿಸಿದ್ದ ಗ್ರಂಥಭಂಡಾರ ಅಲ್ಲಿಗೆ ಬಂದು ನೆಲೆಸಿದೆ. ಟ್ರಫಲ್ ವ್ಯಾಪಾರ ನಡೆಯುವುದು ಅದರ ಸಮೀಪದಲ್ಲಿಯೇ, ಬೆಳಗ್ಗೆ ಒಂಬತ್ತರ ಸುಮಾರಿಗೆ.

ಕೂಗಿಲ್ಲ, ಕರೆಯಿಲ್ಲ, ಬೆಲೆಯ ಹಲಗೆಯಿಲ್ಲ. ಮಾರುವವನು ಬುಟ್ಟಿಯ ಬಟ್ಟೆಯನ್ನು ಒಂದಿಷ್ಟು ಸರಿಸುತ್ತಾನೆ. ಕೊಳ್ಳುವವನು ಬಾಗಿ, ಒಂದು ಗಡ್ಡೆಯನ್ನೆತ್ತಿ ಮೂಗಿಗೆ ಹಿಡಿಯುತ್ತಾನೆ. ಬೆರಳಿನಿಂದ ಒತ್ತಿ ಗಟ್ಟಿಯೋ ಮೆತುವೋ ನೋಡುತ್ತಾನೆ. ಮಾತು ಪಿಸುಮಾತು. ಒಪ್ಪಿಗೆಯಾದರೆ ತಕ್ಕಡಿ, ಅನಂತರ ನೋಟುಗಳು. ಒಪ್ಪಿಗೆಯಾಗದಿದ್ದರೆ ಬಟ್ಟೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮಾಲು ಎಲ್ಲಿ ಸಿಕ್ಕಿತೆಂದು ಯಾರೂ ಕೇಳುವುದಿಲ್ಲ; ಕೇಳಿದರೂ ಯಾರೂ ನಿಜ ಹೇಳುವುದಿಲ್ಲ. ಒಳ್ಳೆಯ ಮರದ ನೆಲೆಯನ್ನು ತಂದೆ ಮಗನಿಗೆ ಮಾತ್ರ ತೋರಿಸುವ ಪದ್ಧತಿ ಅನೇಕ ಮನೆತನಗಳಲ್ಲಿತ್ತು.

ಕಾರ್ಪಾಂತ್ರಾದಿಂದ ದೂರದಲ್ಲಿ, ಲೋ ಜಿಲ್ಲೆಯ ಲಾಲ್ಬೆಂಕ್ ಎಂಬ ಊರಿನಲ್ಲಿ ಚಳಿಗಾಲದ ಮಂಗಳವಾರಗಳಂದು ಇಂಥದೇ ಸಂತೆ ಸೇರುತ್ತದೆ. ಅಲ್ಲಿ ಬೀದಿಯುದ್ದಕ್ಕೂ ಬೆಂಚುಗಳ ಮೇಲೆ ಬುಟ್ಟಿಗಳನ್ನಿಟ್ಟು, ಮಾರುವವರಿಗೂ ಕೊಳ್ಳುವವರಿಗೂ ನಡುವೆ ಒಂದು ಹಗ್ಗ ಕಟ್ಟಿರುತ್ತಾರೆ. ಸೀಟಿ ಊದಿ ಹಗ್ಗ ಇಳಿಸುವವರೆಗೆ ವ್ಯಾಪಾರ ಮಾಡುವಂತಿಲ್ಲ. ಹಗ್ಗ ಇಳಿದ ಕೆಲವೇ ನಿಮಿಷಗಳಲ್ಲಿ ಎಷ್ಟೋ ಬುಟ್ಟಿಗಳು ಕೈಬದಲಾಗಿರುತ್ತವೆ.

ಈ ಅವಸರಕ್ಕೆ ಕಾರಣವುಂಟು. ಮಣ್ಣಿನಿಂದ ಹೊರಬಂದ ಗಳಿಗೆಯಿಂದಲೇ ಟ್ರಫಲ್ ಆರತೊಡಗುತ್ತದೆ. ದಿನದಿಂದ ದಿನಕ್ಕೆ ಅದರ ತೂಕ ಇಳಿಯುತ್ತದೆ, ಸುವಾಸನೆ ಕುಗ್ಗುತ್ತದೆ. ಒಂದೆರಡು ವಾರಗಳಲ್ಲಿ ಅದರ ಜೀವ ಮುಗಿದಂತೆಯೇ. ಬೆಳೆದವನು ಇಂದಿನ ಬೆಲೆ ಸಾಲದೆಂದು ಮನೆಗೆ ಹೊತ್ತೊಯ್ದರೆ ಮುಂದಿನ ಶುಕ್ರವಾರಕ್ಕೆ ಅದೇ ಬುಟ್ಟಿ ಹಗುರವಾಗಿರುತ್ತದೆ. ಇದು ದಳ್ಳಾಳಿಗೆ ಗೊತ್ತು. ದಳ್ಳಾಳಿಗೆ ಗೊತ್ತೆಂಬುದು ರೈತನಿಗೂ ಗೊತ್ತು. ಆ ಪಿಸುಮಾತಿನ ಚೌಕಾಸಿಯಲ್ಲಿ ಒಂದು ಮನೆಯ ಚಳಿಗಾಲದ ಆದಾಯವೇ ತೂಗಾಡುತ್ತಿರುತ್ತದೆ. ಕಿಲೋಗ್ರಾಮಿಗೆ ನೂರಾರು ಯೂರೋ, ಬೆಳೆ ಕಡಿಮೆಯಾದ ವರ್ಷ ಚಿಲ್ಲರೆ ವ್ಯಾಪಾರದಲ್ಲಿ ಸಾವಿರ ಯೂರೋವರೆಗೂ ಬೆಲೆ ಏರುವುದುಂಟು.

ಗುಡುಗಿನ ಕೂಸು

ಹಾಗಾದರೆ ಈ ಟ್ರಫಲ್ ಎಂಬುದೇನು? ಅದು ಗಡ್ಡೆಯಲ್ಲ, ಬೇರೂ ಅಲ್ಲ; ನೆಲದೊಳಗೇ ಹುಟ್ಟಿ ನೆಲದೊಳಗೇ ಬಲಿಯುವ ಒಂದು ಜಾತಿಯ ಅಣಬೆ. ಪ್ರಾಚೀನ ಗ್ರೀಕರೂ ರೋಮನರೂ ಇದರ ಹುಟ್ಟನ್ನು ಗುಡುಗು ಸಿಡಿಲುಗಳಿಗೆ ಜೋಡಿಸಿದ್ದರು. ಪ್ಲೂಟಾರ್ಕನಂಥ ವಿದ್ವಾಂಸನೂ ಈ ವಿಷಯವನ್ನು ಚರ್ಚಿಸಿದ್ದಾನೆ. ನಮ್ಮ ಕರಾವಳಿಯಲ್ಲಿ ಮುಂಗಾರಿನ ಮೊದಲ ಗುಡುಗಿಗೆ ಕಲ್ಲಣಬೆ ಏಳುತ್ತದೆಂದು ಹೇಳುವ ಮಾತನ್ನು ಇದರೊಡನೆ ಹೋಲಿಸಬಹುದು. ಕಾರ್ಕಳ, ಉಡುಪಿಗಳ ಪೇಟೆಯಲ್ಲಿ ಆ ಕಲ್ಲಣಬೆಗೂ ಬೆಲೆ ಕಡಿಮೆಯೇನಿಲ್ಲ.

ಕರಿಯ ಟ್ರಫಲ್ ಎಲ್ಲೆಂದರಲ್ಲಿ ಬೆಳೆಯದು. ಅದಕ್ಕೆ ಸುಣ್ಣಕಲ್ಲಿನ ನೆಲ ಬೇಕು. ಓಕ್ ಅಥವಾ ಹೇಜಲ್‌ನಂಥ ಮರದ ಬೇರು ಬೇಕು. ಅಣಬೆಯ ಸೂಕ್ಷ್ಮವಾದ ಎಳೆಗಳು ಬೇರಿನ ತುದಿಗಳನ್ನು ಕೈಗವಸಿನಂತೆ ಸುತ್ತಿಕೊಳ್ಳುತ್ತವೆ. ಮಣ್ಣಿನ ನೀರನ್ನೂ ಲವಣಗಳನ್ನೂ ಹೀರಿ ಮರಕ್ಕೆ ಕೊಡುತ್ತವೆ. ಮರ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಅಣಬೆಗೆ ಕೊಡುತ್ತದೆ. ಟ್ರಫಲ್ ನೆಲೆಸಿದ ಮರದ ಸುತ್ತ ಹುಲ್ಲು ಸತ್ತು, ಬೆಂಕಿ ಬಿದ್ದಂತೆ ನೆಲ ಬೋಳಾಗುತ್ತದೆ. ಆ ಬೋಳು ವೃತ್ತವನ್ನು ಕಂಡರೆ ರೈತನ ಮುಖ ಅರಳುತ್ತದೆ.

ಬಯಲಿನ ಅಣಬೆಗಳು ತಮ್ಮ ಬೀಜಕಣಗಳನ್ನು ಗಾಳಿಗೆ ತೂರುತ್ತವೆ. ಮಣ್ಣಿನೊಳಗಿನ ಟ್ರಫಲ್‌ಗೆ ಆ ಭಾಗ್ಯವಿಲ್ಲ. ಆದುದರಿಂದ ಪ್ರಕೃತಿ ಅದಕ್ಕೆ ಗಂಧವನ್ನಿತ್ತಿದೆ. ಮಾಗಿದ ಟ್ರಫಲ್‌ನ ಪರಿಮಳಕ್ಕೆ ಮರುಳಾಗಿ ಕಾಡುಪ್ರಾಣಿಗಳು ನೆಲ ಬಗೆದು ತಿನ್ನುತ್ತವೆ. ಬೀಜಕಣಗಳು ಅವುಗಳ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಬೇರೆಡೆ ಬೀಳುತ್ತವೆ.

ಹಂದಿ, ನಾಯಿ, ನೊಣ

ಮನುಷ್ಯನ ಮೂಗು ನೆಲದೊಳಗಿನ ಗಂಧವನ್ನರಿಯದು. ಹಿಂದಿನ ಕಾಲದಲ್ಲಿ ಹೆಣ್ಣುಹಂದಿಯ ಕೊರಳಿಗೆ ಹಗ್ಗ ಕಟ್ಟಿ ತೋಪಿಗೆ ಕರೆದೊಯ್ಯುತ್ತಿದ್ದರು. ಹಂದಿಗೆ ಶಿಕ್ಷಣ ಬೇಡ, ಆಸೆಯೇ ಗುರು. ತೊಂದರೆಯೆಂದರೆ, ಸಿಕ್ಕಿದ್ದನ್ನು ಅದು ತಾನೇ ನುಂಗಿಬಿಡುತ್ತದೆ. ನೂರು ಕಿಲೋ ತೂಕದ ಪ್ರಾಣಿಯ ಬಾಯಿಂದ ಟ್ರಫಲ್ ಕಸಿಯುವುದು ಹುಡುಗಾಟವಲ್ಲ. ಈಗ ಬಹುಮಟ್ಟಿಗೆ ನಾಯಿಗಳೇ ಈ ಕೆಲಸ ಮಾಡುತ್ತವೆ. ನಾಯಿ ವಾಸನೆ ಹಿಡಿದು ಕಾಲಿನಿಂದ ಕೆರೆಯುತ್ತದೆ; ಯಜಮಾನ ಮೊಣಕಾಲೂರಿ ಚಿಕ್ಕ ಸಲಾಕೆಯಿಂದ ಬಿಡಿಸಿ ತೆಗೆಯುತ್ತಾನೆ; ನಾಯಿಗೆ ಒಂದು ಬಿಸ್ಕತ್ತಿನ ಚೂರು ಬಹುಮಾನ. ಅಗೆದ ಗುಂಡಿಯನ್ನು ಮತ್ತೆ ಮಣ್ಣಿನಿಂದ ಮುಚ್ಚಲು ಮರೆಯುವಂತಿಲ್ಲ. ಮುಂದಿನ ವರ್ಷದ ಬೆಳೆ ಅದರಲ್ಲಿದೆ.

ನಾಯಿಯೂ ಇಲ್ಲದ ಬಡವನಿಗೆ ನೊಣವೇ ಗತಿ. ಟ್ರಫಲ್ ಮಾಗಿದ ನೆಲದ ಮೇಲೆ ಒಂದು ಜಾತಿಯ ನೊಣ ಮೊಟ್ಟೆಯಿಡಲು ಬಂದು ಕೂರುತ್ತದೆ. ಬಿಸಿಲಿಗೆ ಎದುರಾಗಿ, ಕೋಲಿನಿಂದ ನೆಲವನ್ನು ಮೆಲ್ಲನೆ ತಟ್ಟುತ್ತ ನಡೆದರೆ ನೊಣ ಏಳುತ್ತದೆ. ಅದು ಎದ್ದ ಜಾಗವನ್ನು ಅಗೆಯಬೇಕು. 1842ರಿಂದ ಕೆಲವು ವರ್ಷ ಕಾರ್ಪಾಂತ್ರಾದಲ್ಲಿ ಉಪಾಧ್ಯಾಯನಾಗಿದ್ದ ಜಾನ್ ಆನ್ರಿ ಫಾಬ್ರ್, ಮುಂದೆ ಕೀಟಗಳ ಜೀವನ ಬರೆದು ಜಗತ್ಪ್ರಸಿದ್ಧನಾದ. ನೆಲದಡಿಯ ಅಣಬೆಯನ್ನು ವಾಸನೆಯಿಂದಲೇ ಪತ್ತೆ ಮಾಡುವ ಒಂದು ದುಂಬಿಯನ್ನು ಅವನು ಬಹು ತಾಳ್ಮೆಯಿಂದ ಅಭ್ಯಾಸ ಮಾಡಿದ್ದಾನೆ.

ಓಕ್ ನೆಟ್ಟವರು

ಬಹುಕಾಲದವರೆಗೆ ಟ್ರಫಲ್ ಕಾಡಿನ ಕೊಡುಗೆಯಾಗಿತ್ತು. ಬೆಳೆಸುವುದು ಯಾರಿಗೂ ತಿಳಿದಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದೇ ಸೀಮೆಯ ಸೇಂಟ್ ಸಾತುರ್ನಿನ್ ಗ್ರಾಮದ ಜೋಸೆಫ್ ತಾಲೋನ್ ಎಂಬ ರೈತ, ಟ್ರಫಲ್ ಸಿಗುವ ಓಕ್ ಮರಗಳ ಕೆಳಗೆ ಬಿದ್ದ ಬೀಜಗಳನ್ನು ಆರಿಸಿ ತನ್ನ ಕಲ್ಲುನೆಲದಲ್ಲಿ ಬಿತ್ತಿದ. ವರ್ಷಗಳು ಕಳೆದ ಮೇಲೆ ಆ ಮರಗಳ ಬುಡದಲ್ಲಿಯೂ ಟ್ರಫಲ್ ಸಿಕ್ಕಿತು. ಅವನ ಗುಟ್ಟು ಹೆಚ್ಚು ಕಾಲ ಗುಟ್ಟಾಗಿ ಉಳಿಯಲಿಲ್ಲ. ಕಾರ್ಪಾಂತ್ರಾದ ಆಗಸ್ಟ್ ರೂಸೋ ಎಂಬಾತ 1847ರಲ್ಲಿ ಏಳು ಹೆಕ್ಟೇರ್ ಭೂಮಿಯಲ್ಲಿ ಓಕ್ ತೋಪನ್ನೇ ಬೆಳೆಸಿದ. 1855ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಅವನ ಟ್ರಫಲ್‌ಗಳಿಗೆ ಬಹುಮಾನ ಬಂತು.

ಮುಂದೆ ಎರಡು ವಿಪತ್ತುಗಳು ಈ ಬೆಳೆಗೆ ಭಾಗ್ಯವಾಗಿ ಪರಿಣಮಿಸಿದವು. ದಕ್ಷಿಣ ಫ್ರಾನ್ಸಿನ ಜನ ಆಗ ರೇಷ್ಮೆಯನ್ನೂ ದ್ರಾಕ್ಷಿಯನ್ನೂ ನಂಬಿ ಬದುಕುತ್ತಿದ್ದರು. ಪೆಬ್ರೀನ್ ಎಂಬ ರೋಗ ಬಡಿದು ರೇಷ್ಮೆಹುಳುಗಳು ರಾಶಿರಾಶಿಯಾಗಿ ಸತ್ತವು. ಲೂಯಿ ಪಾಶ್ಚರ್ 1865ರಿಂದ ಆಲೆಸ್ ಎಂಬ ಊರಿನಲ್ಲಿ ಬೀಡುಬಿಟ್ಟು ಇದಕ್ಕೆ ಪರಿಹಾರ ಹುಡುಕಿದ. ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಉಳಿಸಿಕೊಳ್ಳುವ ಅವನ ಕ್ರಮವೇ ಇಂದು ಕರ್ನಾಟಕದ ಬಿತ್ತನೆಮೊಟ್ಟೆ ಕೇಂದ್ರಗಳಲ್ಲಿಯೂ ನಡೆಯುತ್ತಿದೆ. ಆದರೆ ಅಷ್ಟರಲ್ಲಿ ಪ್ರೊವಾನ್ಸಿನ ಹಿಪ್ಪುನೇರಳೆ ತೋಟಗಳು ಎಷ್ಟೋ ಪಾಳು ಬಿದ್ದಿದ್ದವು. ಅದೇ ದಶಕದಲ್ಲಿ ಅಮೆರಿಕದಿಂದ ಬಂದ ಫಿಲ್ಲಾಕ್ಸೆರಾ ಎಂಬ ಕೀಟ ದ್ರಾಕ್ಷಿಯ ಬೇರುಗಳನ್ನು ತಿನ್ನತೊಡಗಿತು. ಬಳ್ಳಿ ಸತ್ತ ನೆಲದಲ್ಲಿ ರೈತ ಓಕ್ ನೆಟ್ಟ. ಕುರಿ ಮೇದು, ಮರ ಕಡಿದು ಬೋಳಾಗಿದ್ದ ವಾಂತೂ ಪರ್ವತದ ಇಳಿಜಾರುಗಳಲ್ಲಿಯೂ 1860ರ ದಶಕದಿಂದ ಓಕ್ ಕಾಡು ಬೆಳೆಸಿದರು. 1890ರ ಹೊತ್ತಿಗೆ ಫ್ರಾನ್ಸಿನಲ್ಲಿ ಟ್ರಫಲ್ ಮರಗಳ ತೋಪು 75,000 ಹೆಕ್ಟೇರ್ ಆಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 1,000 ಟನ್ ಟ್ರಫಲ್ ಮಾರುಕಟ್ಟೆಗೆ ಬರುತ್ತಿತ್ತು.

ಬರಿದಾದ ಬುಟ್ಟಿಗಳು

ಇಂದು ಫ್ರಾನ್ಸಿಗೆ ಸಾಮಾನ್ಯ ವರ್ಷಗಳಲ್ಲಿ ದೊರೆಯುವುದು ಕೆಲವು ಹತ್ತು ಟನ್‌ಗಳು ಮಾತ್ರ. ಈ ಪತನಕ್ಕೆ ಕಾರಣವೇನು?

ಮೊದಲನೆಯದು ಯುದ್ಧ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಫ್ರಾನ್ಸಿನ ಸುಮಾರು 14 ಲಕ್ಷ ಸೈನಿಕರು ಮಡಿದರು. ಅವರಲ್ಲಿ ಬಹುಮಂದಿ ಹಳ್ಳಿಗರು. ಯಾವ ಮರದ ಬುಡದಲ್ಲಿ ಯಾವ ತಿಂಗಳು ಅಗೆಯಬೇಕು, ಯಾವ ಕೊಂಬೆ ಸವರಬೇಕು ಎಂಬ ಬಾಯಿಪಾಠದ ವಿದ್ಯೆ ಅವರೊಡನೆಯೇ ಮಣ್ಣಾಯಿತು. ತಂದೆ ಮಗನಿಗೆ ಮಾತ್ರ ತೋರಿಸುತ್ತಿದ್ದ ಗುಟ್ಟು, ಮಗನೇ ಇಲ್ಲದಾಗ ಯಾರಿಗೆ ದಕ್ಕೀತು? ಉಳಿದವರು ಪಟ್ಟಣಗಳ ಕಾರ್ಖಾನೆಗಳಿಗೆ ಹೋದರು. ಟ್ರಫಲ್ ಮರದ ಫಲಕಾಲ ಸುಮಾರು ಮೂವತ್ತು ವರ್ಷ. ಅಜ್ಜಂದಿರು ನೆಟ್ಟ ತೋಪುಗಳು ಮುಪ್ಪಾದವು, ಹೊಸದಾಗಿ ನೆಡುವವರಿರಲಿಲ್ಲ. ಕುರಿ ಮೇಯದ, ಸೌದೆ ಕಡಿಯದ ಕಾಡು ದಟ್ಟವಾಗಿ ಬೆಳೆದು ನೆಲಕ್ಕೆ ಬಿಸಿಲೇ ಬೀಳದಂತಾಯಿತು. ಟ್ರಫಲ್‌ಗೆ ಬಿಸಿಲು ಬೇಕು.

ಎರಡನೆಯದು ಮಳೆಯ ಅಭಾವ. ಟ್ರಫಲ್ ಚಳಿಗಾಲದಲ್ಲಿ ಮಾಗಿದರೂ ಅದರ ಭವಿಷ್ಯ ನಿರ್ಧಾರವಾಗುವುದು ಜುಲೈ, ಆಗಸ್ಟ್ ತಿಂಗಳ ಮಳೆಯಿಂದ. ಬೇಸಗೆಯ ಗುಡುಗುಮಳೆ ಬಂದರೆ ಕ್ರಿಸ್ಮಸ್‌ಗೆ ಬುಟ್ಟಿ ತುಂಬುತ್ತದೆಂದು ಹಳ್ಳಿಗರು ಲೆಕ್ಕ ಹಾಕುತ್ತಾರೆ. ಗುಡುಗಿನ ಕೂಸೆಂಬ ಪ್ರಾಚೀನರ ಮಾತಿನಲ್ಲಿ ಇಷ್ಟು ಸತ್ಯವಿದೆ. ಈಚಿನ ದಶಕಗಳಲ್ಲಿ ಆ ಮಳೆ ಕೈಕೊಡುವುದು ಹೆಚ್ಚಾಗಿದೆ. ಬೇಸಗೆಯ ಬರಕ್ಕೂ ಟ್ರಫಲ್ ಇಳುವರಿಯ ಕುಸಿತಕ್ಕೂ ಇರುವ ಸಂಬಂಧವನ್ನು 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. 2018ರ ಇನ್ನೊಂದು ಅಧ್ಯಯನ, ಭೂಮಿ ಹೀಗೆಯೇ ಬಿಸಿಯೇರುತ್ತ ಹೋದರೆ ಈ ಶತಮಾನದ ಅಂತ್ಯದೊಳಗೆ ಯುರೋಪಿನ ಟ್ರಫಲ್ ಬಹುತೇಕ ಕಣ್ಮರೆಯಾಗಬಹುದೆಂದು ಎಚ್ಚರಿಸಿತು. ಆದುದರಿಂದ ಕೈಲಾದವರು ಮರದ ಬುಡಕ್ಕೆ ಒಣಹುಲ್ಲು ಹೊದಿಸುತ್ತಾರೆ. ನೀರಿರುವವರು ಕೊಳವೆ ಹಾಕಿಸುತ್ತಾರೆ. ನೆರೆಯ ಸ್ಪೇನ್ ದೇಶದ ತೆರುಯೆಲ್ ಪ್ರಾಂತದಲ್ಲಿ ನೀರಾವರಿಯ ದೊಡ್ಡ ದೊಡ್ಡ ತೋಪುಗಳೆದ್ದು, ಕರಿಯ ಟ್ರಫಲ್ ಉತ್ಪಾದನೆಯಲ್ಲಿ ಫ್ರಾನ್ಸನ್ನು ಹಿಂದಿಕ್ಕಿವೆ. 1999ರಲ್ಲಿ ಟಾಸ್ಮೇನಿಯಾದಲ್ಲಿ ಮೊದಲ ಟ್ರಫಲ್ ಕಿತ್ತ ಆಸ್ಟ್ರೇಲಿಯಾ ಕೂಡ ಇಂದು ಈ ವ್ಯಾಪಾರದಲ್ಲಿದೆ.

ಅಸಲು, ನಕಲಿ

ಬೆಲೆ ಹೆಚ್ಚಾದಲ್ಲಿ ಮೋಸ ಹುಟ್ಟದಿರುವುದೇ? 1990ರ ದಶಕದಿಂದ ಚೀನಾ ದೇಶದ ಒಂದು ಜಾತಿಯ ಟ್ರಫಲ್ ಯುರೋಪಿಗೆ ಬರತೊಡಗಿತು. ಹೊರನೋಟಕ್ಕೆ ಅಸಲಿನ ಅವಳಿ. ಗಂಧ ಮಾತ್ರ ಅಲ್ಪ. ಇದರ ಶಾಸ್ತ್ರೀಯ ನಾಮ 'ಟ್ಯೂಬರ್ ಇಂಡಿಕಂ', ಎಂದರೆ ಭಾರತದ ಟ್ರಫಲ್. 1892ರಲ್ಲಿ ವಿಜ್ಞಾನಿಗಳು ಇದನ್ನು ಮೊದಲು ವರ್ಣಿಸಿದ್ದು ನಮ್ಮ ಹಿಮಾಲಯದಿಂದ ಬಂದ ಮಾದರಿಯನ್ನು ನೋಡಿ. ಕಡಿಮೆ ಬೆಲೆಯ ಈ ಸರಕನ್ನು ಅಸಲಿನೊಡನೆ ಬೆರೆಸಿ ಮಾರುವ ಆಸೆ ಕೆಲವರಿಗೆ ಹುಟ್ಟಿತು. ಇದನ್ನು ತಡೆಯಲು ಪರೀಕ್ಷಕರು ಚಾಕುವಿನ ತುದಿಯಿಂದ ಟ್ರಫಲ್‌ನ ಮೈಯನ್ನು ಒಂದಿಷ್ಟು ಕೆತ್ತಿ ನೋಡುತ್ತಾರೆ. ಒಳಗೆ ಕಪ್ಪು ತಿರುಳು, ಅದರಲ್ಲಿ ದಾರದಂತೆ ತೆಳುವಾದ ಬಿಳಿಯ ಗೆರೆಗಳು ಕಂಡರೆ ಅಸಲು. ಇನ್ನೂ ಬೂದಿಬಣ್ಣವಿದ್ದರೆ ಮಾಗಿಲ್ಲವೆಂದರ್ಥ. ಕಳ್ಳರ ಕಾಟವೂ ಉಂಟು. ಚಳಿಗಾಲದ ರಾತ್ರಿಗಳಲ್ಲಿ ತೋಪುಗಳ ಸುತ್ತ ಪೋಲೀಸರು ಗಸ್ತು ತಿರುಗಬೇಕಾಗುತ್ತದೆ.

ಗೃಹಿಣಿಯ ಜಾಣ್ಮೆ

ಇಷ್ಟು ಬೆಲೆಯ ವಸ್ತು ಶ್ರೀಮಂತರ ಪಾಲಿಗೇ ಮೀಸಲೆಂದು ತೋರಬಹುದು. 1825ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಭೋಜನಶಾಸ್ತ್ರದ ಗ್ರಂಥದಲ್ಲಿ ಬ್ರಿಯಾ-ಸವಾರಾಂ ಇದನ್ನು ವಜ್ರಕ್ಕೆ ಹೋಲಿಸಿದ. ಆದರೂ ಕಾರ್ಪಾಂತ್ರಾದ ಸಾಮಾನ್ಯ ಗೃಹಿಣಿ ವರ್ಷಕ್ಕೊಮ್ಮೆಯಾದರೂ, ಹಬ್ಬದ ಹೆಸರಿನಲ್ಲಿ, ಒಂದು ಪುಟ್ಟ ಟ್ರಫಲ್ ಕೊಳ್ಳುತ್ತಾಳೆ. ಒಬ್ಬರಿಗೆ ಹತ್ತು ಗ್ರಾಂ ಸಾಕು. ಅವಳು ಅದನ್ನು ಒಡನೆ ಅಡಿಗೆಗೆ ಹಾಕುವುದಿಲ್ಲ. ಮುಚ್ಚಳವುಳ್ಳ ಗಾಜಿನ ಭರಣಿಯಲ್ಲಿ ಕೋಳಿಮೊಟ್ಟೆಗಳ ನಡುವೆ ಒಂದೆರಡು ದಿನ ಇಡುತ್ತಾಳೆ. ಗಂಧ ಮೊಟ್ಟೆಯ ಚಿಪ್ಪನ್ನೂ ದಾಟಿ ಒಳಗಿಳಿಯುತ್ತದೆ. ಆ ಮೊಟ್ಟೆಗಳನ್ನು ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕದಡಿ, ಕೊನೆಗೆ ಟ್ರಫಲ್ ತುರಿದು ಹಾಕಿದರೆ 'ಬ್ರುಯಾದ್' ಸಿದ್ಧ. ಹೆಚ್ಚು ಕಾಯಿಸಿದರೆ ಗಂಧ ಹಾರಿಹೋಗುತ್ತದೆ. ಮೊಟ್ಟೆ ಬೇಡವೆನ್ನುವವರು ಬೆಣ್ಣೆಯೊಡನೆ ಇಟ್ಟು, ಆ ಬೆಣ್ಣೆಯನ್ನು ಬಿಸಿ ಆಲೂಗಡ್ಡೆಗೆ ಬೆರೆಸುತ್ತಾರೆ. ಜಿಡ್ಡು ಇದರ ಪರಿಮಳವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಸಮೀಪದ ರಿಷೆರಾಂಶ್ ಎಂಬ ಹಳ್ಳಿಯಲ್ಲಿ ಜನವರಿಯ ಮೂರನೆಯ ಭಾನುವಾರ ಚರ್ಚಿನಲ್ಲಿ ಟ್ರಫಲ್ ಪೂಜೆ ನಡೆಯುತ್ತದೆ. ಅಂದು ಭಕ್ತರು ಕಾಣಿಕೆಯ ಬುಟ್ಟಿಗೆ ಹಣದ ಬದಲು ಟ್ರಫಲ್ ಹಾಕುತ್ತಾರೆ. ಅವನ್ನು ಹರಾಜು ಹಾಕಿ ಬಂದ ಹಣ ಚರ್ಚಿಗೆ ಸಲ್ಲುತ್ತದೆ.

ನಾಳೆಯ ಮರ

ಮಧ್ಯಾಹ್ನ ಸಮೀಪಿಸಿದಂತೆ ಸಂತೆ ಕರಗುತ್ತದೆ. ಕ್ಯಾನ್ವಾಸಿನ ಚಪ್ಪರಗಳು ಇಳಿಯುತ್ತವೆ. ನಗರಸಭೆಯ ಆಳುಗಳು ಬೀದಿಗೆ ನೀರು ಹೊಡೆಯುತ್ತಾರೆ. ಟ್ರಫಲ್ ರೈತರು ಬಹಳ ಹೊತ್ತಿಗೆ ಮೊದಲೇ ಹೊರಟುಹೋಗಿದ್ದಾರೆ. ಬಂದ ಹಣ ಕೆಲವರಿಗೆ ಸಾಲ ತೀರಿಸಲು, ಕೆಲವರಿಗೆ ಮೊಮ್ಮಕ್ಕಳ ಹಬ್ಬದ ಉಡುಗೊರೆಗೆ. ಇನ್ನು ಕೆಲವರು ಸಸ್ಯಪಾಲಕರ ಬಳಿಗೆ ಹೋಗಿ ಗೇಣುದ್ದದ ಓಕ್ ಸಸಿಗಳನ್ನು ಕೊಳ್ಳುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನ ಕೃಷಿವಿಜ್ಞಾನಿಗಳು ಸಸಿಯ ಬೇರಿಗೆ ಮೊದಲೇ ಟ್ರಫಲ್ ಬೀಜಕಣಗಳನ್ನು ಸೇರಿಸಿ ಬೆಳೆಸುವ ಕ್ರಮವನ್ನು ರೂಢಿಗೆ ತಂದರು. ಇಂದಿನ ಬೆಳೆಯ ಬಹುಭಾಗ ಅಂಥ ಮರಗಳಿಂದಲೇ ಬರುತ್ತಿದೆ. 2010ರಲ್ಲಿ ಟ್ರಫಲ್‌ನ ಸಂಪೂರ್ಣ ವಂಶವಾಹಿಯನ್ನು ವಿಜ್ಞಾನಿಗಳು ಓದಿ ಮುಗಿಸಿದರು. ಅದರಲ್ಲಿ ಎರಡು ಬಗೆಯ ಎಳೆಗಳಿದ್ದು, ಎರಡೂ ಕೂಡಿದರೆ ಮಾತ್ರ ಫಲವೆಂಬ ಸಂಗತಿ ತಿಳಿಯಿತು. ಇಷ್ಟೆಲ್ಲ ತಿಳಿದ ಮೇಲೂ ಒಂದೇ ದಿನ ಅಕ್ಕಪಕ್ಕದಲ್ಲಿ ನೆಟ್ಟ ಎರಡು ಸಸಿಗಳಲ್ಲಿ ಒಂದು ಬುಟ್ಟಿ ತುಂಬಿಸೀತು, ಇನ್ನೊಂದು ಬರಿಯ ನೆರಳು ಕೊಟ್ಟೀತು.

ಚಳಿಗಾಲವೇ ಸಸಿ ನೆಡುವ ಕಾಲ. ಫಲಕ್ಕಾಗಿ ಏಳೆಂಟು ವರ್ಷ, ಒಮ್ಮೊಮ್ಮೆ ಹತ್ತು ವರ್ಷವೂ ಕಾಯಬೇಕು. ಎಪ್ಪತ್ತು ದಾಟಿದ ರೈತ ಹಾರೆ ಹಿಡಿದು ಸುಣ್ಣಕಲ್ಲಿನ ನೆಲದಲ್ಲಿ ಗುಂಡಿ ತೋಡುವುದನ್ನು ವಾಂತೂ ಪರ್ವತದ ಬುಡದ ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಮುಂದಿನ ಬೇಸಗೆಯಲ್ಲಿ ಮಳೆ ಬರುವುದೋ ಇಲ್ಲವೋ ಅವನಿಗೆ ತಿಳಿಯದು. ಹತ್ತನೆಯ ವರ್ಷದ ಡಿಸೆಂಬರಿನಲ್ಲಿ ಆ ಮರದ ಬುಡಕ್ಕೆ ನಾಯಿಯೊಡನೆ ಬರುವವನು ತಾನೋ ತನ್ನ ಮಗನೋ ಎಂಬುದೂ ತಿಳಿಯದು. ಸಸಿಯ ಸುತ್ತ ಮಣ್ಣನ್ನು ಕಾಲಿನಿಂದ ಒತ್ತಿ, ಒಂದು ಕೊಡ ನೀರು ಹೊಯ್ದು, ಅವನು ಮುಂದಿನ ಗುಂಡಿಗೆ ಹಾರೆ ಹಾಕುತ್ತಾನೆ.